ಬಿದ್ದ ಮರಗಳ ನಕ್ಷತ್ರ

ಗಾಳಿಯ ವೇಗವನ್ನು ದಾಖಲಿಸುವ ಕಾಗದದ ಸುರುಳಿಯ ಮೇಲೆ ಮೂಡಿದ ಗೆರೆಯನ್ನು ಚಿತ್ರವೆಂದು ನೋಡುವ ಅಭ್ಯಾಸ ನಮಗಿಲ್ಲ. ಇರಬೇಕಿತ್ತು. 1983ರ ಆಗಸ್ಟ್ 1ರ ಮಧ್ಯಾಹ್ನ ವಾಷಿಂಗ್ಟನ್ ಪಕ್ಕದ ಆಂಡ್ರ್ಯೂಸ್ ವಾಯುನೆಲೆಯಲ್ಲಿ ಮೂಡಿದ ಗೆರೆ ಅಂಥ ನೋಟಕ್ಕೆ ತಕ್ಕದ್ದು. ಮೊದಮೊದಲು ಅದು ಕಾಗದದ ತಳದಲ್ಲೇ ಸಣ್ಣಗೆ ಅಲುಗುತ್ತ ಸಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನೆಟ್ಟಗೆ ಮೇಲೇಳುತ್ತದೆ. 130 ನಾಟ್‌ಗೂ ಮೇಲೆ, ಅಂದರೆ ಗಂಟೆಗೆ ಸುಮಾರು 240 ಕಿಲೋಮೀಟರ್. ಏರಿದಷ್ಟೇ ಕಡಿದಾಗಿ ಇಳಿದು, ಹೆಚ್ಚುಕಡಿಮೆ ಸೊನ್ನೆಯ ಹತ್ತಿರ ಬಂದು, ಅಲ್ಲಿ ಕೊಂಚ ಹೊತ್ತು ತಂಗುತ್ತದೆ. ಮತ್ತೆ ಏಳುತ್ತದೆ, ಈ ಸಲ 84 ನಾಟ್‌ವರೆಗೆ. ಆದರೆ ಈಗ ಗಾಳಿ ಬೀಸುತ್ತಿರುವುದು ಮೊದಲಿನದಕ್ಕೆ ತದ್ವಿರುದ್ಧ ದಿಕ್ಕಿನಿಂದ. ಎರಡು ಶಿಖರ, ನಡುವೆ ಒಂದು ಕಣಿವೆ. ಎಲ್ಲ ಸೇರಿ ಕೆಲವೇ ನಿಮಿಷ. ಮೊದಲ ಶಿಖರ ಏಳುವುದಕ್ಕೆ ಆರೇಳು ನಿಮಿಷ ಮುಂಚೆ ಅಧ್ಯಕ್ಷ ರೇಗನ್ ಅವರ ವಿಮಾನ ಅದೇ ನೆಲೆಯ ಒಣ ರನ್‌ವೇಯ ಮೇಲೆ ಇಳಿದಿತ್ತು.

ನನ್ನ ಕಣ್ಣು ಶಿಖರಗಳನ್ನು ದಾಟಿ ಆ ಕಣಿವೆಯಲ್ಲೇ ನಿಲ್ಲುತ್ತದೆ. ಅದರ ತಳದಲ್ಲಿ ಗಾಳಿಯ ವೇಗ ಎರಡು ನಾಟ್‌ನಷ್ಟು, ಎಲೆ ಅಲುಗಲೂ ಸಾಲದು. ಅಲ್ಲಿ ನಿಂತವನು ಬಿರುಗಾಳಿ ಮುಗಿಯಿತೆಂದು ಕೊಡೆ ಮಡಚಿಕೊಂಡಾನು. ಗಾಳಿ ಮುಗಿದಿರುವುದಿಲ್ಲ, ಅದು ನೆತ್ತಿಯ ಮೇಲೆ ಇಳಿಯುತ್ತಿರುತ್ತದೆ. ಕೆಳಗೆ ಬರುವ ಗಾಳಿ ನೆಲ ಮುಟ್ಟಿ ಪಕ್ಕಕ್ಕೆ ತಿರುಗುವ ನಡುಬಿಂದುವಿನಲ್ಲಿ ಯಾವ ದಿಕ್ಕಿಗೂ ಹರಿವು ಇಲ್ಲ. ಸುತ್ತ ಎಲ್ಲ ದಿಕ್ಕಿಗೂ ಹರಿವು. ಆಂಡ್ರ್ಯೂಸ್‌ನ ಗಾಳಿಮಾಪಕದ ಮೇಲಿಂದ ಆ ನಡುಬಿಂದು ಹಾದುಹೋಯಿತು, ಅಷ್ಟೇ. ಲೇಖನಿ ತಾನು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆಯಿತು.

ಇದರ ಹೆಸರು ಡೌನ್‌ಬರ್ಸ್ಟ್. ನಾಲ್ಕು ಕಿಲೋಮೀಟರಿಗಿಂತ ಕಿರಿದಾಗಿದ್ದರೆ ಮೈಕ್ರೋಬರ್ಸ್ಟ್. ಗುಡುಗುಮೋಡದ ಒಡಲಿನಿಂದ ತಣ್ಣಗಿನ, ಭಾರವಾದ ಗಾಳಿ ಒಂದೇ ರಾಶಿಯಾಗಿ ಕೆಳಗೆ ಬಿದ್ದು, ನೆಲಕ್ಕೆ ಅಪ್ಪಳಿಸಿ, ತುಂಬಿದ ಬಿಂದಿಗೆಯನ್ನು ಸಿಮೆಂಟಿನ ಅಂಗಳಕ್ಕೆ ಒಮ್ಮೆಲೇ ಬೋರಲು ಹಾಕಿದಾಗ ನೀರು ಹರಡುವಂತೆ ಸುತ್ತಲೂ ಹರಡುತ್ತದೆ. ಅದಕ್ಕೆ ಭಾರ ಬರುವುದು ಎರಡು ದಾರಿಯಲ್ಲಿ. ಒಂದು, ಬೀಳುವ ಮಳೆಹನಿ ಆಲಿಕಲ್ಲುಗಳು ತಮ್ಮೊಂದಿಗೆ ಗಾಳಿಯನ್ನು ಕೆಳಕ್ಕೆ ಎಳೆಯುವುದು. ಇನ್ನೊಂದು, ಇದಕ್ಕಿಂತ ನಯವಾದದ್ದು. ಹನಿಗಳು ಒಣಗಾಳಿಯ ಪದರ ಹೊಕ್ಕು ದಾರಿಯಲ್ಲೇ ಆವಿಯಾಗುತ್ತವೆ, ಆಲಿಕಲ್ಲುಗಳು ಕರಗುತ್ತವೆ. ಆವಿಯಾಗಲು, ಕರಗಲು ಬೇಕಾದ ಶಾಖವನ್ನು ಅವು ಸುತ್ತಲಿನ ಗಾಳಿಯಿಂದಲೇ ಕಸಿಯುತ್ತವೆ. ಒಂದು ಕಿಲೋ ಗಾಳಿಯಲ್ಲಿ ಒಂದೇ ಒಂದು ಗ್ರಾಂ ನೀರು ಆವಿಯಾದರೆ ಆ ಗಾಳಿ ಎರಡೂವರೆ ಡಿಗ್ರಿಯಷ್ಟು ತಣಿಯುತ್ತದೆ. ತಣಿದದ್ದು ಭಾರವಾಗುತ್ತದೆ, ಭಾರವಾದದ್ದು ಬೀಳುತ್ತದೆ, ಬೀಳುತ್ತ ಇನ್ನಷ್ಟು ಹನಿಗಳನ್ನು ಒಣಗಿಸಿ ಇನ್ನಷ್ಟು ತಣಿಯುತ್ತದೆ. ಇಡೀ ಮಳೆ ದಾರಿಯಲ್ಲೇ ಮುಗಿದುಹೋಗುವುದೂ ಉಂಟು. ಆಗ ನೆಲದ ಮೇಲೆ ನಿಂತವರಿಗೆ ಹನಿ ಬೀಳುವುದಿಲ್ಲ, ಗಾಳಿ ಮಾತ್ರ ಬೀಳುತ್ತದೆ. ಅಮೆರಿಕದ ಡೆನ್ವರ್ ಸುತ್ತಲಿನ ಎತ್ತರದ ಒಣ ಬಯಲಿನಲ್ಲಿ ಇದು ಬೇಸಿಗೆಯ ಮಾಮೂಲಿ ಸಂಗತಿ. ಬಹಳ ಮೇಲೆ ಒಂದು ಬಡಪಾಯಿ ಮೋಡ, ಅದರಿಂದ ಅರ್ಧಕ್ಕೆ ಇಳಿದು ಮಾಯವಾಗುವ ಮಸುಕು ಮಳೆಯ ಎಳೆಗಳು, ಕೆಳಗೆ ನೆಲದಲ್ಲಿ ಉಂಗುರವಾಗಿ ಏಳುವ ಧೂಳು. ಆ ಉಂಗುರದ ಅಂಚನ್ನು ದಿಟ್ಟಿಸಿದರೆ ಧೂಳು ಹೊರಕ್ಕೆ ಓಡುತ್ತ, ಮೇಲಕ್ಕೆ ಸುರುಳಿ ಸುತ್ತಿಕೊಂಡು ಹಿಂದಕ್ಕೆ ಮಗುಚುತ್ತಿರುವುದು ಕಾಣುತ್ತದೆ.

ಈ ಆಕಾರವನ್ನು ಮೊದಲು ಕಂಡವರು ತೆತ್ಸುಯಾ ಫುಜಿತಾ. ಸುಂಟರಗಾಳಿಗಳ ತೀವ್ರತೆ ಅಳೆಯುವ ಎಫ್ ಮಾಪಕದಿಂದಾಗಿ ಅವರ ಹೆಸರು ಜಗತ್ತಿಗೆ ಗೊತ್ತು. ನನ್ನ ಮಟ್ಟಿಗೆ ಅವರ ದೊಡ್ಡ ಕೃತಿ ಆ ಮಾಪಕವಲ್ಲ, ನಡುವಿನಿಂದ ಸುತ್ತಲೂ ಹರಡುವ ಈ ನಕ್ಷತ್ರಾಕಾರ. 1920ರಲ್ಲಿ ಜಪಾನಿನ ಕ್ಯುಶು ದ್ವೀಪದ ಕೊಕುರಾ ಬಳಿ ಹುಟ್ಟಿದವರು. 1945ರ ಆಗಸ್ಟ್ 9ರಂದು ಎರಡನೆಯ ಅಣುಬಾಂಬು ಬೀಳಬೇಕಿದ್ದುದು ಆ ಕೊಕುರಾದ ಮೇಲೆಯೇ. ಊರು ಮಬ್ಬಿನಡಿ ಕಾಣದೆ ಹೋದದ್ದರಿಂದ ವಿಮಾನ ನಾಗಸಾಕಿಗೆ ತಿರುಗಿತು. ಕೊಕುರಾ ಸಮೀಪದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಫುಜಿತಾ ಕೆಲವೇ ವಾರಗಳಲ್ಲಿ ಹಾನಿ ಅಧ್ಯಯನ ಮಾಡುವ ತಂಡದೊಂದಿಗೆ ನಾಗಸಾಕಿಗೂ ಹಿರೋಷಿಮಾಕ್ಕೂ ಹೋದರು. ಸ್ಮಶಾನದಲ್ಲಿ ಹೂವಿಡಲು ನೆಟ್ಟಿದ್ದ ಬಿದಿರಿನ ಕೊಳವೆಗಳ ಮೇಲಿನ ಸುಟ್ಟ ಗುರುತುಗಳು ಅವರ ಕಣ್ಣಿಗೆ ಬಿದ್ದವು. ಆ ಗುರುತುಗಳ ಓರೆಯಿಂದ ಬಾಂಬು ಸಿಡಿದ ಎತ್ತರವನ್ನು ಲೆಕ್ಕ ಹಾಕಿದರು. ಸ್ಫೋಟದ ಕೆಳಗಿನ ನೆಲದಲ್ಲಿ ನೇರ ನಡುವಿನ ಮರಗಳು ಕರಕಲಾಗಿ ನಿಂತೇ ಇದ್ದವು; ದೂರದವು ನಡುವಿನಿಂದ ಹೊರಕ್ಕೆ, ಎಲ್ಲ ದಿಕ್ಕಿಗೂ ಬಿದ್ದಿದ್ದವು. ಮೂವತ್ತು ವರ್ಷ ಆ ಆಕೃತಿ ಅವರ ತಲೆಯೊಳಗೆ ಕೂತಿತ್ತು.

ನಡುವೆ ಇನ್ನೊಂದು ಘಟನೆ. 1947ರಲ್ಲಿ ಸೆಬುರಿ ಬೆಟ್ಟದ ಮೇಲಿನ ಹವಾಮಾನ ಠಾಣೆಯಿಂದ ಒಂದು ಗುಡುಗುಮಳೆಯನ್ನು ಅಳೆದು, ಮೋಡದೊಳಗೆ ಗಾಳಿ ಮೇಲೇರುವುದಷ್ಟೇ ಅಲ್ಲ, ಬಲವಾಗಿ ಕೆಳಗೂ ಇಳಿಯುತ್ತದೆ ಎಂದು ಅವರು ಕಂಡುಕೊಂಡರು. ಅದೇ ಬೆಟ್ಟದ ಅಮೆರಿಕನ್ ರೇಡಾರ್ ಠಾಣೆಯ ಕಸದ ಬುಟ್ಟಿಯಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಹೊರೇಸ್ ಬೈಯರ್ಸ್ ಬರೆದ, ಗುಡುಗುಮಳೆಯನ್ನು ಕುರಿತ ಲೇಖನವೊಂದು ಸಿಕ್ಕಿತು. ಫುಜಿತಾ ತಮ್ಮ ಬರಹವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಬೈಯರ್ಸ್‌ಗೆ ಅಂಚೆಯಲ್ಲಿ ಕಳಿಸಿದರು. ಅಮೆರಿಕದಲ್ಲಿ ವಿಮಾನಗಳ ದಂಡನ್ನೇ ಮೋಡದೊಳಗೆ ಕಳಿಸಿ ಬೈಯರ್ಸ್ ತಂಡ ಕಂಡುಕೊಂಡಿದ್ದನ್ನು ಈ ಅಪರಿಚಿತ ಜಪಾನಿ ಬೆಟ್ಟದ ಮೇಲೆ ಕೂತು ಕಂಡಿದ್ದ. ಬೈಯರ್ಸ್ ಕರೆಯ ಮೇರೆಗೆ 1953ರಲ್ಲಿ ಫುಜಿತಾ ಶಿಕಾಗೊಗೆ ಹೋದರು. ಒಂದು ಕಸದ ಬುಟ್ಟಿಗೆ ಹವಾಮಾನಶಾಸ್ತ್ರ ಇಷ್ಟು ಋಣಿಯಾಗಿರುವುದು ನನಗಂತೂ ಸಂತೋಷದ ವಿಷಯ.

1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಸುಂಟರಗಾಳಿಗಳು ಒಂದರ ಹಿಂದೊಂದು ಎದ್ದವು. ಫುಜಿತಾ ಸಣ್ಣ ವಿಮಾನದಲ್ಲಿ ಅವುಗಳ ಜಾಡಿನ ಮೇಲೆ ಹಾರಾಡಿದರು. ಸುಂಟರಗಾಳಿ ಹಾದ ಕಾಡಿನಲ್ಲಿ ಬಿದ್ದ ಮರಗಳು ಒಳಮುಖವಾಗಿ, ಸುತ್ತಿದ ಹಾಗೆ ಮಲಗಿರುತ್ತವೆ. ಪಶ್ಚಿಮ ವರ್ಜೀನಿಯದ ಬೆಕ್ಲಿ ಎಂಬ ಊರಿನ ಬಳಿ ಕೆಳಗೆ ಕಂಡದ್ದು ಬೇರೆ. ಮರಗಳು ಒಂದು ನಡುವಿನಿಂದ ಹೊರಕ್ಕೆ, ಕಿರಣ ಕಿರಣವಾಗಿ ಮಲಗಿದ್ದವು. ನಾಗಸಾಕಿಯ ಆಕೃತಿ ಅದು. ಆದರೆ ಇಲ್ಲಿ ಸಿಡಿದದ್ದು ಏನೂ ಇರಲಿಲ್ಲ.

ಅವರ ವೈಮಾನಿಕ ಫೋಟೊಗಳು ಮತ್ತು ಅವುಗಳಿಂದ ಬರೆದ ನಕ್ಷೆಗಳೇ ಈ ಬರಹಕ್ಕೆ ನೆಪ. ಆಳೆತ್ತರ ಬೆಳೆದ ಮೆಕ್ಕೆಜೋಳದ ಹೊಲ ಮೇಲಿನಿಂದ ಬಾಚಿದ ಹಾಗೆ ಕಾಣುತ್ತದೆ; ಒಂದೊಂದು ದಂಟೂ ತನ್ನ ಮೇಲೆ ಹಾದ ಗಾಳಿಯ ದಿಕ್ಕನ್ನು ಹೇಳುತ್ತ ಮಲಗಿದೆ. ಫುಜಿತಾ ಪ್ರತಿಯೊಂದನ್ನೂ ಒಂದು ಸಣ್ಣ ಬಾಣದ ಗುರುತಾಗಿಸಿ ನಕ್ಷೆಗೆ ಇಳಿಸಿದರು. ನೂರಾರು ಬಾಣಗಳು, ಎಲ್ಲ ಕೈಬರಹ. ಎಲ್ಲಿ ಗುರುತು ಸಿಗಲಿಲ್ಲವೋ ಅಲ್ಲಿ ಖಾಲಿ ಜಾಗ. ಬಾಣಗಳ ನಡುವೆ ನಯವಾದ ವಕ್ರರೇಖೆಗಳು ಹರಿಯುತ್ತವೆ. ರೇಖೆ ಎಲ್ಲಿ ಕವಲಾಗುತ್ತದೋ ಅಲ್ಲಿ ಗಾಳಿ ನೆಲಕ್ಕೆ ಇಳಿದ ಜಾಗ. ಗುಡಿಸಲಿನ ಸೂರು, ಕಣಜದ ಮುಚ್ಚಳ, ರಸ್ತೆಗೆ ಅಡ್ಡಬಿದ್ದ ಕಂಬ ಎಲ್ಲಕ್ಕೂ ನಕ್ಷೆಯಲ್ಲಿ ಜಾಗವಿದೆ. ಕಣ್ಣಿಗೆ ಕಾಣದ, ಹತ್ತೇ ನಿಮಿಷ ಬದುಕಿದ ಒಂದು ವಸ್ತುವಿನ ಭಾವಚಿತ್ರವನ್ನು, ಅದು ಮುರಿದ ಸಾಮಾನುಗಳ ಸಾಕ್ಷಿಯಿಂದಲೇ ಬಿಡಿಸಿದ್ದು ಇದು. ಅಲಂಕಾರಕ್ಕೆಂದು ಒಂದು ಗೆರೆಯೂ ಇಲ್ಲ. ಆದರೂ ನೋಡಿದಷ್ಟೂ ಸಾಲದೆನಿಸುತ್ತದೆ.

ಏಪ್ರಿಲ್ ಮೇ ತಿಂಗಳ ಗುಡುಗುಮಳೆಗೆ ನಮ್ಮ ಬಯಲುಸೀಮೆಯಲ್ಲಿ ಬಾಳೆತೋಟಗಳು ಮಲಗುವುದು ವರ್ಷ ವರ್ಷದ ಸುದ್ದಿ. ಪತ್ರಿಕೆಯಲ್ಲಿ ನಷ್ಟದ ಲೆಕ್ಕ ಬರುತ್ತದೆ, ಗೊನೆ ಸಮೇತ ಬಿದ್ದ ಗಿಡಗಳ ಮುಂದೆ ನಿಂತ ರೈತನ ಫೋಟೊ ಬರುತ್ತದೆ. ಗಿಡಗಳು ಯಾವ ದಿಕ್ಕಿಗೆ ತಲೆಹಾಕಿ ಬಿದ್ದವು ಎಂದು ಯಾರೂ ಬರೆದುಕೊಂಡದ್ದು ನಾನು ಓದಿಲ್ಲ. ಎಷ್ಟು ನಕ್ಷತ್ರಗಳನ್ನು ಹೀಗೆ ಕಡಿದು ಗೊಬ್ಬರದ ಗುಂಡಿಗೆ ಹಾಕಿದ್ದೇವೋ.

ಬೆಕ್ಲಿಯ ಮರಗಳನ್ನು ಕಂಡ ಮರುವರ್ಷ, 1975ರ ಜೂನ್ 24ರ ಸಂಜೆ, ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ 66ನೇ ವಿಮಾನ ಇಳಿಯುತ್ತಿತ್ತು. ನ್ಯೂ ಆರ್ಲಿಯನ್ಸ್‌ನಿಂದ ಹೊರಟ ಬೋಯಿಂಗ್ 727. ಒಳಗೆ 124 ಜನ. ರನ್‌ವೇ ತಲುಪುವ ಮುಂಚೆಯೇ ಅದು ದಾರಿತೋರುವ ದೀಪಗಳ ಗೋಪುರಗಳಿಗೆ ಬಡಿದು ರಾಕ್‌ಅವೇ ರಸ್ತೆಗೆ ಅಡ್ಡಲಾಗಿ ಚೂರುಚೂರಾಯಿತು. 113 ಜನ ಸತ್ತರು. ತನಿಖೆಗಾರರನ್ನು ಕಂಗೆಡಿಸಿದ್ದು ಅದಕ್ಕೆ ಹಿಂದಿನ ಹತ್ತು ನಿಮಿಷ. ಮೊದಲು ಅದೇ ರನ್‌ವೇಗೆ ಇಳಿದ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನದ ಕ್ಯಾಪ್ಟನ್ ಗಾಳಿ ಭಯಂಕರವಾಗಿದೆ, ರನ್‌ವೇ ಬದಲಿಸಿ ಎಂದು ನಿಯಂತ್ರಣ ಗೋಪುರಕ್ಕೆ ಹೇಳಿದ್ದ. ಆ ಗೋಪುರದ ಮಾಪಕ ಸಾಧಾರಣ ಗಾಳಿ ತೋರಿಸುತ್ತಿತ್ತು. ಅದರ ಹಿಂದಿನ ವಿಮಾನ ಇಳಿಯಲಾರದೆ ಮೇಲೆದ್ದು ಹೋಯಿತು. ಆಮೇಲೆ ಬಂದ ಎರಡು ವಿಮಾನಗಳು ಇಳಿದವು, ಅವುಗಳಲ್ಲೊಂದು ಪುಟ್ಟ ಖಾಸಗಿ ವಿಮಾನ. ಆಮೇಲೆ 66. ಒಂದೇ ದಾರಿ, ಒಂದೇ ಮಳೆ. ಒಬ್ಬನಿಗೆ ಪ್ರಾಣಾಂತಿಕವಾದ ಗಾಳಿ ಇನ್ನೊಬ್ಬನಿಗೆ ಇಲ್ಲವೇ ಇಲ್ಲ ಎಂದರೆ ತಪ್ಪು ಪೈಲಟ್‌ನದೇ ಎಂದು ತೋರುವುದು ಸಹಜ.

ಈಸ್ಟರ್ನ್ ಸಂಸ್ಥೆಯವರು ಫುಜಿತಾರನ್ನು ಕೇಳಿಕೊಂಡರು. ಅವರು ಒಂದೊಂದು ವಿಮಾನದ ಹಾರಾಟದ ದಾಖಲೆಯನ್ನೂ ತರಿಸಿಕೊಂಡು, ಬೆಕ್ಲಿಯ ಮರಗಳನ್ನು ಓದಿದ ಹಾಗೆಯೇ ಓದಿದರು. ವಿಮಾನಗಳೇ ಇಲ್ಲಿ ದಂಟುಗಳು. ಯಾವುದು ಎಷ್ಟು ಹೊತ್ತಿಗೆ ಎಲ್ಲಿ ವಾಲಿತು, ಎಲ್ಲಿ ಮುಳುಗಿತು, ಎಲ್ಲಿ ಚೇತರಿಸಿತು ಎಂದು ಕಾಲದ ಅಕ್ಷದ ಮೇಲೆ ಬರೆಯುತ್ತ ಹೋದಂತೆ, ಆ ಕಿರಿದಾದ ದಾರಿಯ ಮೇಲೆ ಒಂದರ ನಂತರ ಒಂದರಂತೆ ಮೂರು ಸಲ ಗಾಳಿ ಬಿದ್ದಿದ್ದು ಕಾಣಿಸಿತು. ಸರಕು ವಿಮಾನ ಒಂದಕ್ಕೆ ಸಿಕ್ಕಿತ್ತು. ಬಚಾವಾದವು ಎರಡರ ನಡುವೆ ನುಸುಳಿದ್ದವು. 66ರ ಪಾಲಿಗೆ ಬಂದದ್ದು ಆಗಷ್ಟೇ ಬೀಳುತ್ತಿದ್ದ ಹೊಸದು.

ಇಂಥ ಗಾಳಿಯ ಕುಯುಕ್ತಿ ಇರುವುದು ಅನುಕ್ರಮದಲ್ಲಿ. ವಿಮಾನ ಮೊದಲು ಹೊಗುವುದು ಹೊರಚಿಮ್ಮುವ ಗಾಳಿಯ ಎದುರಿಗೆ. ಎದುರುಗಾಳಿ ಸಿಕ್ಕಿದ ಕೂಡಲೇ ರೆಕ್ಕೆಗಳ ಮೇಲಿನ ಹರಿವು ಹೆಚ್ಚುತ್ತದೆ, ವಿಮಾನ ಹಗುರವಾಗಿ ಮೇಲೇಳುತ್ತದೆ, ವೇಗದ ಮುಳ್ಳು ಏರುತ್ತದೆ. ಇಳಿಯುತ್ತಿರುವ ಪೈಲಟ್ ಇದನ್ನು ಸರಿಪಡಿಸಲೆಂದು ಎಂಜಿನ್ನಿನ ಬಲ ತಗ್ಗಿಸುತ್ತಾನೆ. ಅದು ಒಳ್ಳೆಯ ಪೈಲಟ್ ಮಾಡುವ ಕೆಲಸವೇ. ಮರುಕ್ಷಣ ನಡುಭಾಗ, ಮೇಲಿನಿಂದ ಒತ್ತುವ ಗಾಳಿ. ಅದನ್ನು ದಾಟಿದ ಕೂಡಲೇ ಗಾಳಿ ಬೆನ್ನಿಗೆ ಬೀಸುತ್ತದೆ, ಕೊಟ್ಟಿದ್ದನ್ನೆಲ್ಲ ಬಡ್ಡಿ ಸಮೇತ ಕಿತ್ತುಕೊಳ್ಳುತ್ತದೆ. ತಗ್ಗಿದ ಜೆಟ್ ಎಂಜಿನ್ ಮತ್ತೆ ಪೂರ್ಣ ಬಲಕ್ಕೆ ಬರಲು ಹಲವು ಸೆಕೆಂಡು ಬೇಕು, ಕೆಳಗೆ ಉಳಿದಿರುವುದು ಕೆಲವೇ ನೂರು ಅಡಿ.

ಇಂಥದ್ದನ್ನು ಸವಿಯುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ, ಏಳಲಿ. ಭಯಾನಕವು ರಸವಾಗಬೇಕಾದರೆ ಆ ಭಯ ನೋಡುವವನ ಸ್ವಂತದ್ದಾಗಿರಬಾರದು ಎಂಬುದು ನಮ್ಮ ಕಾವ್ಯಮೀಮಾಂಸೆಯ ಹಳೆಯ ತಿಳಿವಳಿಕೆ. ರಾಕ್‌ಅವೇ ರಸ್ತೆಯಲ್ಲಿ ನಿಂತವನಿಗೆ ರಸವಿಲ್ಲ. ಫುಜಿತಾ ನಕ್ಷೆಯ ಮುಂದೆ ಕೂತವನಿಗೆ ಅದ್ಭುತ ಮೊದಲು ಬರುತ್ತದೆ, ಭಯಾನಕ ನಿಧಾನಕ್ಕೆ ಅದರ ಹಿಂದೆ ಬರುತ್ತದೆ, ಬಂದ ಮೇಲೆ ಹೋಗುವುದಿಲ್ಲ. ಈ ಎರಡನ್ನೂ ಒಂದೇ ಗೆರೆಯಲ್ಲಿ ಹಿಡಿದದ್ದರಿಂದಲೇ ಅವು ನನಗೆ ಬರೀ ತಾಂತ್ರಿಕ ನಕ್ಷೆಗಳಾಗಿ ಉಳಿದಿಲ್ಲ.

ಸಮಕಾಲೀನರು ಫುಜಿತಾರ ವಾದವನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಗುಡುಗುಮೋಡದ ಇಳಿಗಾಳಿ ಎಲ್ಲರಿಗೂ ಗೊತ್ತಿದ್ದದ್ದೇ, ನೆಲದ ಹತ್ತಿರ ಬರುವಷ್ಟರಲ್ಲಿ ಅದು ಬಲ ಕಳೆದುಕೊಳ್ಳುತ್ತದೆ, ಫುಜಿತಾ ಹಳೆಯದಕ್ಕೆ ಹೊಸ ಹೆಸರಿಟ್ಟಿದ್ದಾರೆ ಎಂದರು. ಆಕ್ಷೇಪ ದಡ್ಡತನದ್ದೇನಲ್ಲ. ಬಿದ್ದ ಮರದಿಂದ ಗಾಳಿಯನ್ನು ಊಹಿಸಬಹುದು, ಆದರೆ ಗಾಳಿಯನ್ನೇ ಯಾರೂ ಕಂಡಿರಲಿಲ್ಲ. 1978ರಲ್ಲಿ ಫುಜಿತಾ ತಂಡ ಇಲಿನಾಯ್ ರಾಜ್ಯದಲ್ಲಿ ಗಾಳಿಯ ಚಲನೆಯನ್ನೇ ಅಳೆಯಬಲ್ಲ ಡಾಪ್ಲರ್ ರೇಡಾರ್‌ಗಳನ್ನು ನೆಟ್ಟು ಕಾಯಿತು. ಮೇ 29ರ ರಾತ್ರಿ ಯಾರ್ಕ್‌ವಿಲ್ ಬಳಿ ಒಂದು ಮೈಕ್ರೋಬರ್ಸ್ಟ್ ಸಿಕ್ಕಿತು. 1982ರಲ್ಲಿ ಡೆನ್ವರ್‌ನಲ್ಲಿ ಜಾಸ್ ಎಂಬ ಇನ್ನೂ ದೊಡ್ಡ ಯೋಜನೆ ನಡೆದಾಗ ಒಂದೇ ಬೇಸಿಗೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಮೈಕ್ರೋಬರ್ಸ್ಟ್‌ಗಳು ರೇಡಾರಿನ ಕಣ್ಣಿಗೆ ಬಿದ್ದವು. ನೆಲ ಮುಟ್ಟಿದ ಮೇಲೆ ಐದರಿಂದ ಹತ್ತು ನಿಮಿಷದಲ್ಲಿ ಅವು ಗರಿಷ್ಠ ಬಲಕ್ಕೆ ಬಂದು, ಬಂದಷ್ಟೇ ಬೇಗ ಕರಗುತ್ತಿದ್ದವು.

ಯೋಜನೆ ನಡೆಯುತ್ತಿದ್ದ ಬೇಸಿಗೆಯಲ್ಲೇ, ಜುಲೈ 9ರಂದು, ನ್ಯೂ ಆರ್ಲಿಯನ್ಸ್‌ನಲ್ಲಿ ಮೇಲೇರುತ್ತಿದ್ದ ಪ್ಯಾನ್ ಆಮ್ 759 ಮನೆಗಳ ಮೇಲೆ ಬಿತ್ತು. ನೆಲದ ಮೇಲಿದ್ದ ಎಂಟು ಜನರೂ ಸೇರಿ 153 ಸಾವು. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 191, 137 ಸಾವು. ಆಮೇಲೆ ಯಾರೂ ವಾದ ಮಾಡಲಿಲ್ಲ. ವಿಮಾನ ನಿಲ್ದಾಣಗಳಿಗೆ ಡಾಪ್ಲರ್ ರೇಡಾರ್ ಬಂತು, ಕಾಕ್‌ಪಿಟ್‌ಗೆ ಎಚ್ಚರಿಸುವ ಯಂತ್ರ ಬಂತು. ಪೈಲಟ್‌ಗಳ ಕೈಗೆ ಹೊಸ ಪಾಠವೂ ಬಂತು, ಅದು ಹಳೆಯ ಪಾಠದ ತಲೆಕೆಳಗು. ವೇಗ ಕುಸಿಯುವಾಗ ಮೂತಿ ತಗ್ಗಿಸಿ ವೇಗ ಗಳಿಸಬೇಕೆಂದು ಕಲಿತವರಿಗೆ, ಪೂರ್ಣ ಬಲ ಕೊಟ್ಟು ಮೂತಿಯನ್ನು ಹದಿನೈದು ಡಿಗ್ರಿ ಮೇಲೆತ್ತಿ ಹಿಡಿಯಿರಿ, ವೇಗದ ಮುಳ್ಳು ಬೀಳುತ್ತಿದ್ದರೂ ಬೀಳಲಿ ಎಂದು ಕಲಿಸಿದರು. ಕೆನಡಿಯ ಆ ಗಟ್ಟಿ ದೀಪಗೋಪುರಗಳ ಪಾಠವೂ ನಷ್ಟವಾಗಲಿಲ್ಲ. ರನ್‌ವೇಯ ತುದಿಯ ಕಂಬಗಳು ಬಡಿದರೆ ತಾವೇ ಮುರಿಯುವಂತೆ ಇರಬೇಕೆಂಬುದು ಅಲ್ಲಿಂದ ಮುಂದೆ ನಿಯಮವಾಯಿತು. ಅಮೆರಿಕದಲ್ಲಿ ಹೀಗೆ ಬಿದ್ದ ಕೊನೆಯ ದೊಡ್ಡ ಪ್ರಯಾಣಿಕ ವಿಮಾನ 1994ರ ಷಾರ್ಲೆಟ್‌ನದು. ಫುಜಿತಾ 1998ರ ನವೆಂಬರ್‌ನಲ್ಲಿ ತೀರಿಕೊಂಡರು.

ವಿಮಾನ ತಪ್ಪಿಸಿಕೊಂಡು ಹೋಗಬಹುದು. ನೆಟ್ಟ ಕಂಬ ಎಲ್ಲಿಗೆ ಹೋಗಬೇಕು? ಕಟ್ಟಡದ ಎಂಜಿನಿಯರುಗಳು ಈ ಗಾಳಿಯ ಕಡೆ ತಿರುಗಿದ್ದು ತಡವಾಗಿ. ಅವರ ಲೆಕ್ಕದ ಪುಸ್ತಕಗಳಲ್ಲಿ ಗಾಳಿ ಎತ್ತರಕ್ಕೆ ಹೋದಂತೆ ಜಾಸ್ತಿಯಾಗುತ್ತ ಹೋಗುತ್ತದೆ; ಸಮುದ್ರದ ಚಂಡಮಾರುತಕ್ಕೆ ಅದು ನಿಜ. ಡೌನ್‌ಬರ್ಸ್ಟ್ ಮಾತ್ರ ನೆಲಕ್ಕಂಟಿಕೊಂಡು ಹರಿಯುತ್ತದೆ. ಅದರ ಅತಿ ಹೆಚ್ಚಿನ ವೇಗ ಇರುವುದು ನೆಲದಿಂದ ಐವತ್ತರಿಂದ ನೂರು ಮೀಟರಿನ ಆಸುಪಾಸಿನಲ್ಲಿ, ಅಲ್ಲಿಂದ ಮೇಲಕ್ಕೆ ವೇಗ ಇಳಿಯುತ್ತದೆ. ಎತ್ತರ ಮತ್ತು ವೇಗದ ನಕ್ಷೆ ಬರೆದರೆ ನೆಲದ ಹತ್ತಿರ ಮೂಗಿನ ಹಾಗೆ ಮುಂದಕ್ಕೆ ಚಾಚುತ್ತದೆ. ಆ ಮೂಗು ನೇರ ಬಡಿಯುವುದು ವಿದ್ಯುತ್ ಸಾಗಣೆಯ ಉಕ್ಕಿನ ಗೋಪುರಗಳಿಗೆ, ಅವುಗಳ ಎತ್ತರವೂ ಹೆಚ್ಚುಕಡಿಮೆ ಅಲ್ಲಿಯವರೆಗೇ. 1996ರ ಸೆಪ್ಟೆಂಬರ್‌ನಲ್ಲಿ ಕೆನಡಾದ ವಿನಿಪೆಗ್ ಹತ್ತಿರ ಮ್ಯಾನಿಟೋಬಾ ಹೈಡ್ರೋ ಸಂಸ್ಥೆಯ 19 ಗೋಪುರಗಳು ಒಂದೇ ಏಟಿಗೆ ಮಲಗಿದವು. ಬಯಲಿನ ಸಾಮಾನ್ಯ ಗಾಳಿಗೆ ಅವು ಬೇಕಾದಷ್ಟು ಗಟ್ಟಿಯಾಗಿದ್ದವು.

ಅದೇ ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್ ಊರಿನಲ್ಲಿ ವೆಸ್ಟರ್ನ್ ವಿಶ್ವವಿದ್ಯಾಲಯದವರು ಈಗ ಈ ಗಾಳಿಯನ್ನು ಛಾವಣಿಯ ಕೆಳಗೆ ಮಾಡಿ ನೋಡುತ್ತಾರೆ. ವಿಂಡ್‌ಈಈಈ ಎಂಬ ಆರು ಮೂಲೆಯ ಗುಮ್ಮಟ. ಒಳಗಿನ ಅಗಲ 25 ಮೀಟರ್, 106 ಫ್ಯಾನ್‌ಗಳು. ಗುಮ್ಮಟದ ಮೇಲಿನ ಕೋಣೆಯಲ್ಲಿ ಗಾಳಿಯನ್ನು ಒತ್ತಿ ತುಂಬಿ, ಬಾಗಿಲ ಪಟ್ಟಿಗಳನ್ನು ತಟ್ಟನೆ ತೆರೆದರೆ ಅದು ರಾಶಿಯಾಗಿ ಕೆಳಗೆ ಬಿದ್ದು ನೆಲದ ಮೇಲೆ ಉಂಗುರವಾಗಿ ಹರಡುತ್ತದೆ. ಹೊಗೆ ಬಿಟ್ಟರೆ ಡೆನ್ವರ್‌ನ ಧೂಳಿನ ಸುರುಳಿಯೇ ಕಾಣುತ್ತದೆ. ಬಯಲಿನಲ್ಲಿ ಧೂಳಿನ ಮೊರೆಹೋಗಬೇಕಿದ್ದ ನೋಟವನ್ನು ಇಲ್ಲಿ ಬೇಕೆಂದಾಗ ಮತ್ತೆ ಮತ್ತೆ ನೋಡಬಹುದು. ಆ ಉಂಗುರದ ದಾರಿಯಲ್ಲಿ ಪುಟ್ಟ ಗೋಪುರಗಳನ್ನು ತಂತಿ ಸಮೇತ ನಿಲ್ಲಿಸಿ ಅಳೆಯುತ್ತಾರೆ.

ಆ ಅಳತೆಗಳಲ್ಲೂ ಲೆಕ್ಕಗಳಲ್ಲೂ ಹೊರಬಿದ್ದ ಒಂದು ಸಂಗತಿ ಫುಜಿತಾಗೆ ಹಿಡಿಸುತ್ತಿತ್ತು. ಗಾಳಿ ಗೋಪುರದ ನೆತ್ತಿಗೇ ಬಿದ್ದರೆ ಅಪಾಯ ದೊಡ್ಡದಲ್ಲ. ತಂತಿಸಾಲಿಗೆ ನೇರ ಅಡ್ಡಲಾಗಿ ಹೊಡೆದರೂ ಗೋಪುರ ಒಂದಿಷ್ಟು ತಾಳಿಕೊಳ್ಳುತ್ತದೆ. ಕೆಟ್ಟದ್ದು ಅದು ಓರೆಯಾಗಿ, ಒಂದು ಬದಿಗೆ ಬಿದ್ದಾಗ. ಸಾಮಾನ್ಯ ಬಿರುಗಾಳಿ ಹಲವು ಕಿಲೋಮೀಟರ್ ಅಗಲ, ಎರಡೂ ಬದಿಯ ತಂತಿಗಳನ್ನು ಒಂದೇ ಸಮ ನೂಕುತ್ತದೆ. ಇಷ್ಟು ಕಿರಿದಾದ ಗಾಳಿ ಗೋಪುರದ ಒಂದು ಪಕ್ಕದ ತಂತಿಯನ್ನು ಬಿಗಿದು ಇನ್ನೊಂದು ಪಕ್ಕದ್ದನ್ನು ಸಡಿಲವಾಗಿಯೇ ಬಿಡುತ್ತದೆ. ಆಗ ಗೋಪುರದ ಅಡ್ಡತೋಳುಗಳು ತಂತಿಯುದ್ದಕ್ಕೆ ಎಳೆಯಲ್ಪಡುತ್ತವೆ, ವಿನ್ಯಾಸ ಮಾಡಿದವರು ಕಡಿಮೆ ಬಲ ಇಟ್ಟಿರುವುದು ಆ ದಿಕ್ಕಿನಲ್ಲೇ. ಆದ್ದರಿಂದ ಈಗ ಸಾಗಣೆ ಗೋಪುರದ ಲೆಕ್ಕ ಹಾಕುವವರು ಗಾಳಿ ಎಷ್ಟು ಜೋರು ಎಂದು ಕೇಳಿ ಸುಮ್ಮನಾಗುವಂತಿಲ್ಲ. ಅದರ ನಡುಬಿಂದು ಗೋಪುರದಿಂದ ಎಷ್ಟು ದೂರ, ಯಾವ ಕೋನದಲ್ಲಿ ಎಂದೂ ಕೇಳಬೇಕು. ಹೀಗೆ ನಡುಬಿಂದುವನ್ನು ಜಾಗದಿಂದ ಜಾಗಕ್ಕೆ ಸರಿಸುತ್ತ, ಪ್ರತಿ ಜಾಗಕ್ಕೂ ಬಾಣಗಳ ಒಂದೊಂದು ನಕ್ಷತ್ರ ಬರೆದು, ಯಾವುದರಲ್ಲಿ ಗೋಪುರ ಮೊದಲು ಸೋಲುತ್ತದೆ ಎಂದು ಹುಡುಕುತ್ತಾರೆ.